ಪತ್ರೆ ಕೊಯ್ದವರಿಗೆ, ಬೀಜ ಜಡ್ಡಿಗೆ: ನನ್ನ ಅನುಭವ

ಜಡ್ಡಿಯಲ್ಲಿ, ಅಂದರೆ ಕಾಡಿನೊಳಗಿನ ಕೆಸರು ಜೌಗಿನಲ್ಲಿ, ರಾಮಪತ್ರೆ ಎಂಬ ಕಾಡು ಜಾಯಿಕಾಯಿ ಮರದ ಸಸಿ ನೆಟ್ಟು ಬದುಕಿಸಲು ಆಗುವುದಿಲ್ಲ ಎಂದವರು ನಮ್ಮ ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಬೇಕಾದಷ್ಟು ಜನ. ಈಗ ಅವರಲ್ಲೇ ಕೆಲವರು ನಮ್ಮ ಜಡ್ಡಿ ನೋಡಲು ಬರುತ್ತಿದ್ದಾರೆ. ಹೋದ ಮಳೆಗಾಲ ಮುಗಿದ ಮೇಲೆ ಎಣಿಸಿದಾಗ ಎಂಟುನೂರರ ಹತ್ತಿರ ಗಿಡ ಜೀವಂತ ಇದ್ದವು. ಹಳೆಯವು ಎದೆಮಟ್ಟ ದಾಟಿವೆ. ಘಟ್ಟದ ಮೇಲೆ ಊರಿನವರೇ ಸೇರಿ ಇಷ್ಟು ಮಾಡಿದ್ದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ. ಇದೇ ಕೆಲಸಕ್ಕೆ ಕೈಹಾಕಿ ಬೇಸತ್ತವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಎರಡೂವರೆ ಎಕರೆ ಆಸುಪಾಸಿನ ಜಡ್ಡಿ. ಅಘನಾಶಿನಿ ಕಣಿವೆಗೆ ಇಳಿಯುವ ಘಟ್ಟದ ಅಂಚು. ಮೇಲೆ ಕಾನು ಅಂದರೆ ದಟ್ಟ ಕಾಡು, ಕೆಳಗೆ ಆರು ಮನೆಯ ಅಡಿಕೆ ತೋಟ. ತೋಟಕ್ಕೆ ನೀರು ಈ ಜಡ್ಡಿಯದ್ದೇ. ನಮ್ಮ ಕಡೆ ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಎನ್ನುವುದು ಬ್ರಿಟಿಷರ ಕಾಲದ ಲೆಕ್ಕ. ಜಡ್ಡಿಯ ಒಂದು ಮಗ್ಗುಲು ಆ ಬೆಟ್ಟದೊಳಗೆ, ಇನ್ನೊಂದು ಮಗ್ಗುಲು ಅರಣ್ಯ ಇಲಾಖೆಯ ಕಾಡಿನೊಳಗೆ. ಹಾಗಾಗಿ ಇಲ್ಲಿ ಏನು ಮಾಡುವುದಾದರೂ ಊರು ಒಪ್ಪಬೇಕು, ಇಲಾಖೆಯೂ ಒಪ್ಪಬೇಕು.

ಜಡ್ಡಿ ಹಾಳಾದದ್ದಕ್ಕೆ ಎರಡು ಕಾರಣ. ಒಂದು, ತೋಟಕ್ಕೆ ನೀರು ಜಾಸ್ತಿ ಬರಲಿ ಎಂದು ಬಸಿಗಾಲುವೆಯನ್ನು ಆಳ ಮಾಡುತ್ತಾ ಹೋದದ್ದು. ನೀರು ಇಳಿಯಿತು, ಕೆಸರಿನ ಮೇಲೆ ಮಂಡಿಯ ಹಾಗೆ ಎದ್ದ ಮಂಡಿಬೇರುಗಳು ಒಣಗಿದವು, ಬಿಸಿಲು ಬಿದ್ದಲ್ಲೆಲ್ಲ ಮುಂಡಿಗೆಯ ಮುಳ್ಳುಪೊದೆ ಹಬ್ಬಿತು. ಎರಡು, ಪತ್ರೆಯ, ಅಂದರೆ ಬೀಜಕ್ಕೆ ಸುತ್ತಿಕೊಂಡ ಮಸಾಲೆಯ ಪೊರೆಯ, ದರ. ಒಣ ಪತ್ರೆಗೆ ಆಗ ಕಿಲೋಗೆ ಏಳೆಂಟು ನೂರು ಸಿಗುತ್ತಿತ್ತು, ಯಾರು ಬಿಡುತ್ತಾರೆ? ಕಾಯಿ ಒಡೆಯುವ ಮುಂಚೆಯೇ ಟೊಂಗೆ ಕಡಿದು ಇಳಿಸಿದರು. ಪತ್ರೆ ಬಿಡಿಸಿದ ಮೇಲೆ ಬೀಜ ಗೊಬ್ಬರಗುಂಡಿಗೆ. ಮಂಗಟ್ಟೆ ಹಕ್ಕಿಗೂ ಇಲ್ಲ, ಕಾಡಿಗೂ ಇಲ್ಲ. ದೊಡ್ಡ ಮರ ಇದ್ದವು, ಅದರ ಬುಡದಲ್ಲಿ ಒಂದು ಮರಿ ಗಿಡ ಇರಲಿಲ್ಲ.

ಮೊದಲ ಸಲ ಎಲ್ಲರೂ ಮಾಡುವ ಹಾಗೇ ಆಯಿತು. ನರ್ಸರಿಯಿಂದ ಪ್ಲಾಸ್ಟಿಕ್ ಚೀಲದ ಸಸಿ, ಜೂನ್‌ನಲ್ಲಿ ಗುಂಡಿ, ವನಮಹೋತ್ಸವ, ಫೋಟೊ. ಜಡ್ಡಿಯಲ್ಲಿ ಗುಂಡಿ ತೋಡಿದರೆ ಅದು ಬಾವಿ. ಆಗಸ್ಟ್ ಒಳಗೆ ಅರ್ಧ ಸಸಿ ಕೊಳೆತವು, ಉಳಿದ ಅರ್ಧವನ್ನು ನೀರು ಕಿತ್ತುಕೊಂಡು ಹೋಯಿತು. ಆಳುಗಳ ಸಂಬಳವನ್ನು ಒಂದು ಕಚೇರಿಯವರು ವರ್ಷ ಕಳೆದ ಮೇಲೆ ಕೊಟ್ಟರು. ಅಷ್ಟು ಹೊತ್ತಿಗೆ ಮುಂದಿನ ಸಲ ಕರೆದರೆ ಯಾರೂ ಬರಲಿಲ್ಲ.

ಆಮೇಲೆ ಬೇಲಿಯ ಹುಚ್ಚು ಹಿಡಿಯಿತು. ಗ್ರಾಮ ಅರಣ್ಯ ಸಮಿತಿಯ ದುಡ್ಡು, ನಮ್ಮ ಕೈ ದುಡ್ಡು ಸೇರಿ ನಲವತ್ತೈದು ಸಾವಿರದಷ್ಟು ಮುಳ್ಳುತಂತಿಗೆ ಹೋಯಿತು. ಎಮ್ಮೆ ನಿಂತವು, ಕಾಡುಹಂದಿ ನಿಲ್ಲಲಿಲ್ಲ. ಕೆಸರಿನಲ್ಲಿ ತಂತಿಯ ಅಡಿ ನುಗ್ಗುವುದು ಹಂದಿಗೆ ಎಷ್ಟು ಹೊತ್ತಿನ ಕೆಲಸ? ನೇರ ಬೀಜ ಬಿತ್ತಿದರೆ ಏಡಿ ತಿಂದವು. ಏಡಿ ಬಿಟ್ಟದ್ದನ್ನು ಮಳೆ ತೆಗೆದುಕೊಂಡು ಹೋಯಿತು. ಆಗಲೇ ಊರಿನ ಹಿರಿಯರೊಬ್ಬರು, "ಹೆಗಡೇರೆ, ಹಕ್ಕಿ ಹೊಟ್ಟೆಯೊಳಗೆ ಹೋಗಿ ಬರದ ಬೀಜ ಹುಟ್ಟುವುದಿಲ್ಲ. ಸುಮ್ನೆ ಯಾಕೆ ದುಡ್ಡು ಕಳೀತೀರಿ?" ಎಂದರು.

ಹಕ್ಕಿಯ ಮಾತನ್ನು ನಾನು ಒಪ್ಪಲಿಲ್ಲ. ರಾಮಪತ್ರೆ ಬೀಜ ಒಣಗಿದರೆ ಸತ್ತ ಹಾಗೆ, ಸಮಸ್ಯೆ ಅಲ್ಲಿದೆ. ಅಂಗಳದಲ್ಲಿ ನಾಲ್ಕು ದಿನ ಬಿಸಿಲು ಕಂಡ ಬೀಜ ತಂದು ಎಷ್ಟು ಬಿತ್ತಿದರೂ ಬರುವುದು ಬೆರಳೆಣಿಕೆ. ಅದೇ ಒಡೆದು ಬಿದ್ದ ಕಾಯಿಯ ಬೀಜವನ್ನು ಅದೇ ದಿನ ಪತ್ರೆ ಬಿಡಿಸಿ ಬಿತ್ತಿದರೆ ನೂರಕ್ಕೆ ಅರವತ್ತಾದರೂ ಹುಟ್ಟುತ್ತವೆ. ಪತ್ರೆಯನ್ನು ಪೂರ್ತಿ ತೆಗೆಯಬೇಕು. ಉಳಿದರೆ ಬೂಸ್ಟು ಹಿಡಿಯುತ್ತದೆ.

ಅಂದರೆ ಬೇಕಾದದ್ದು ತಾಜಾ ಬೀಜ. ಅದು ಇರುವುದು ಕೊಯ್ಯುವವರ ಕೈಯಲ್ಲಿ. ಗ್ರಾಮ ಅರಣ್ಯ ಸಮಿತಿ ಸಭೆಯಲ್ಲಿ ಮಾತು ಇಟ್ಟೆವು: ಪತ್ರೆ ಪೂರ್ತಿ ನಿಮಗೆ. ಬೀಜ ಅದೇ ಸಂಜೆ ನಮಗೆ, ಒಂದಕ್ಕೆ ಒಂದು ರೂಪಾಯಿ. ಬಿದ್ದದ್ದು, ಒಡೆದದ್ದು ಮಾತ್ರ. ಹಸಿ ಕಾಯಿಯ ಬೀಜಕ್ಕೆ ಕಾಸಿಲ್ಲ. ಹಸಿ ಕಾಯಿಯ ಬೀಜ ನೋಡಿದ ತಕ್ಷಣ ಗೊತ್ತಾಗುತ್ತದೆ, ಮೋಸ ನಡೆಯುವುದಿಲ್ಲ. ಮೊದಲ ವರ್ಷ ಮೂರು ಸಾವಿರ ಬೀಜದ ಹತ್ತಿರ ಬಂತು. ನಲವತ್ತೈದು ಸಾವಿರದ ಬೇಲಿ ಮಾಡದ ಕೆಲಸವನ್ನು ಮೂರು ಸಾವಿರ ರೂಪಾಯಿ ಮಾಡಿತು. ಟೊಂಗೆ ಕಡಿಯುವುದು ತಾನಾಗಿ ನಿಂತಿತು, ಏಕೆಂದರೆ ಕಾದರೆ ಎರಡು ಕಡೆ ದುಡ್ಡು. ಹೊರಗಿನವರು ಬಂದು ಟೊಂಗೆ ಕಡಿದರೆ ಈಗ ಕೊಯ್ಯುವವರೇ ಜಗಳಕ್ಕೆ ನಿಲ್ಲುತ್ತಾರೆ.

ಸಸಿ ಬೆಳೆಸಿದ್ದು ಊರಿನ ಮಹಿಳಾ ಸಂಘದವರು, ನಮ್ಮ ತೋಟದ ನೆರಳಿನಲ್ಲಿ. ಪ್ಲಾಸ್ಟಿಕ್ ಚೀಲ ಬೇಡವೆಂದು ಅಡಿಕೆ ಹಾಳೆ ಸುತ್ತಿ ಹಗ್ಗ ಕಟ್ಟಿದೆವು. ಒಂದು ಮಳೆಗಾಲಕ್ಕೆ ಹಾಳೆ ಕೊಳೆಯುತ್ತದೆ, ಮತ್ತೊಂದು ಸುತ್ತಬೇಕು. ಸಸಿಗೆ ಎಂಟು ರೂಪಾಯಿ ಕೂಲಿ. ಹಾಳೆಯ ಅಡಿಯಲ್ಲಿ ಮಣ್ಣಿನ ಜೊತೆ ಏನು ಹಾಕುತ್ತೇವೆ ಎಂಬುದು ಸಂಘದವರ ಗುಟ್ಟು. ಅವರನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ.

ಇನ್ನು ನೆಡುವ ಕಾಲ. ಎಲ್ಲರೂ ನಕ್ಕದ್ದು ಇದಕ್ಕೇ. ನಾವು ನೆಡುವುದು ದೀಪಾವಳಿ ಕಳೆದ ಮೇಲೆ. "ಮಳೆ ಹೋದ ಮೇಲೆ ಗಿಡ ನೆಡುತ್ತಾರಾ ಮಾರಾಯ್ರೆ?" ಎಂದು ಸೊಸೈಟಿ ಕಟ್ಟೆಯಲ್ಲಿ ತಮಾಷೆ ಮಾಡಿದರು. ಬೆಟ್ಟಕ್ಕೆ ಮಳೆ ಬೇಕು, ಸರಿ. ಜಡ್ಡಿಗೆ ಯಾಕೆ? ಅಲ್ಲಿ ಏಪ್ರಿಲ್‌ನಲ್ಲೂ ಕಾಲು ಹೂಳುತ್ತದೆ. ದೀಪಾವಳಿಗೆ ನೀರಿನ ರಭಸ ಇಳಿದಿರುತ್ತದೆ, ಮುಂದಿನ ಜೂನ್ ಬರುವಷ್ಟರಲ್ಲಿ ಬೇರು ಕಚ್ಚಿರುತ್ತದೆ. ಗುಂಡಿಯನ್ನೂ ತೋಡುವುದಿಲ್ಲ. ಹಳೆಯ ಮರದ ಬೇರಿನ ಹಿಂದೆ, ಬಿದ್ದ ದಿಮ್ಮಿಯ ಮರೆಯಲ್ಲಿ ದರಕು (ಒಣ ಎಲೆ) ಮತ್ತು ಕೆಸರು ಒಟ್ಟಿ ಗೇಣೆತ್ತರದ ದಿಬ್ಬ ಮಾಡಿ, ಅದರ ಮೇಲೆ ಹಾಳೆ ಸಮೇತ ಇಡುತ್ತೇವೆ. ಅಂಚಿಗೆ ರಾಮಪತ್ರೆ, ನೀರು ನಿಲ್ಲುವ ನಡುಭಾಗಕ್ಕೆ ರಾಮಪತ್ರೆಯ ಹತ್ತಿರದ ಸಂಬಂಧಿ ಮಿರಿಸ್ಟಿಕಾ ಮ್ಯಾಗ್ನಿಫಿಕಾ. ಇದನ್ನು ತಿರುಗುಮುರುಗು ಮಾಡಿದರೆ ಕೆಲಸ ಕೆಡುತ್ತದೆ. ಹಂದಿಗೆ ಮಾಡಿದ ಉಪಾಯವನ್ನು ಬಂದವರಿಗೆ ತೋರಿಸುತ್ತೇನೆ. ತಂತಿಯೂ ಬೇಡ, ಕರೆಂಟೂ ಬೇಡ.

ನೆಡುವ ಮುಂಚೆ ಬಸಿಗಾಲುವೆಗೆ ಕಲ್ಲು, ಮಣ್ಣು ಹಾಕಿ ಒಂದೂವರೆ ಅಡಿ ಏರಿಸಿದೆವು. ಕೆಳಗಿನ ಎರಡು ಮನೆಯವರು ಒಪ್ಪಲಿಲ್ಲ. ತೋಟ ಒಣಗಿದರೆ ನಷ್ಟ ನಾನು ಕಟ್ಟಿಕೊಡುತ್ತೇನೆ ಎಂದು ಸಭೆಯಲ್ಲಿ ಹೇಳಿದೆ. ಮಾರ್ಚ್‌ನಲ್ಲಿ ತೋಟಕ್ಕೆ ಬರುವ ನೀರಿಗೆ ಕೊಡ ಇಟ್ಟು ಗಡಿಯಾರ ಹಿಡಿದು ನೋಡಿದರೆ ಮೊದಲು ಕೊಡ ತುಂಬುವ ಹೊತ್ತಿನ ಮುಕ್ಕಾಲು ಪಾಲಿನಲ್ಲಿ ತುಂಬುತ್ತಿತ್ತು. ಇದು ಸಸಿಯ ಪವಾಡ ಅಲ್ಲ, ಅವು ಆಗ ಮೊಣಕಾಲೆತ್ತರ ಇದ್ದವು. ನೀರು ಮಣ್ಣಿನಲ್ಲಿ ನಿಂತದ್ದರ ಫಲ. ನಾನು ಒಂದು ಪೈಸೆ ಕಟ್ಟಿಕೊಡಬೇಕಾಗಲಿಲ್ಲ.

ನಡುವೆ ಹುಳಿ ಕಾಯಿ ಬಿಡುವ ಕಾಡು ಮರ ಉಪ್ಪಾಗೆಗೂ ಕೈಹಾಕಿದೆ. ಬೀಜದಿಂದ ಬಂದ ಉಪ್ಪಾಗೆ ಹತ್ತು ಹನ್ನೆರಡು ವರ್ಷ ಕಾಯಿಸಿ ಕೊನೆಗೆ ಗಂಡು ಮರ ಆದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಜಾಸ್ತಿ ಕಾಯಿ ಬಿಡುವ ಹೆಣ್ಣು ಮರದ ಕುಡಿ ತಂದು ಬೆಟ್ಟದಲ್ಲೇ ಹುಟ್ಟಿದ ಸಸಿಗಳಿಗೆ ಕಸಿ ಕಟ್ಟಿದೆ. ನೂರರಲ್ಲಿ ಮೂವತ್ತು ಹಿಡಿದವು, ನಾಲ್ಕನೇ ವರ್ಷ ಕೆಲವು ಕಾಯಿ ಬಿಟ್ಟವು. ಅಡ್ಡಕ್ಕೆ ಬೆಳೆಯುವ ಕೊಂಬೆಯ ಕುಡಿ ಹಾಕಿದರೆ ಗಿಡ ನೆಲದ ಮೇಲೇ ಹರಡುತ್ತದೆ, ನೆಟ್ಟಗಿನ ಕುಡಿಯೇ ಬೇಕು. ಹೊಳೆ ಅಂಚಿನ ಕಾಟು ಮಾವಿನ ಸಸಿಗೆ ಉಪ್ಪಿನಕಾಯಿಯ ಮಾವು ಅಪ್ಪೆಮಿಡಿಯ ಕಸಿಯನ್ನೂ ಮಾಡಿದೆ. ಜೀರಿಗೆ ವಾಸನೆಯ ಒಂದು ಅಪ್ಪೆ ಈಗ ಆರು ಕಡೆ ಇದೆ. ತಾಯಿಮರ ಹೊಳೆಗೆ ಬಿದ್ದುಹೋಗಿದೆ. ಕಸಿ ಕಟ್ಟದಿದ್ದರೆ ಅದರ ಮಿಡಿ ಇನ್ನು ಯಾರ ಭರಣಿಗೂ ಬರುತ್ತಿರಲಿಲ್ಲ.

ಕಾಗದದ ಕೆಲಸವನ್ನು ಹಗುರ ಮಾಡಬೇಡಿ. 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವನ್ನು ಆ ಕಾಯಿದೆ ಅದಕ್ಕೆ ಕೊಟ್ಟಿತು. ಬಹಳ ಕಡೆ ಸಮಿತಿ ದಾಖಲೆಯಲ್ಲಿ ಮಾತ್ರ ಇದೆ. ನಾವು ಜಡ್ಡಿಯನ್ನು ಮರ ಮರ ಹಿಡಿದು ಜನತಾ ಜೀವವೈವಿಧ್ಯ ದಾಖಲಾತಿಗೆ, ಅಂದರೆ ಊರಿನ ಜೀವಸಂಪತ್ತನ್ನು ಬರೆದಿಡುವ ಪುಸ್ತಕಕ್ಕೆ, ಸೇರಿಸಿ, ಪತ್ರೆ ಕೊಳ್ಳುವ ವ್ಯಾಪಾರಿಗೆ ಆ ಪುಸ್ತಕ ತೋರಿಸಿದೆವು. ಕಿಲೋಗೆ ಇಂತಿಷ್ಟು ಶುಲ್ಕ ಎಂದು ಅವರು ಒಪ್ಪಿದರು. ಬೀಜದ ದುಡ್ಡು ಈಗ ಅಲ್ಲಿಂದಲೇ ಬರುತ್ತದೆ. ಎಲ್ಲ ಸೇರಿ ಇದುವರೆಗೆ ಒಂದೂವರೆ ಲಕ್ಷ ಖರ್ಚಾಗಿರಬಹುದು, ಅದರಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಆ ಬೇಲಿಗೆ.

ವಿಜ್ಞಾನಿಗಳನ್ನು ದೂರ ಇಡುವವರಿಗೂ ಒಂದು ಮಾತು. ಸಿದ್ದಾಪುರದ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಗೇರಿನ ಜಾತಿಯ ಮರಕ್ಕೆ 2000ದಲ್ಲಷ್ಟೇ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರು ಇಟ್ಟರು. ಅದರ ದೊಡ್ಡ ಮರಗಳು ತೀರಾ ಕಡಿಮೆ. ಶಿರಸಿಯ ಅರಣ್ಯ ಕಾಲೇಜಿನವರು ಅದನ್ನೂ ಮಿರಿಸ್ಟಿಕಾ ಮ್ಯಾಗ್ನಿಫಿಕಾವನ್ನೂ ಸಸಿ ಮಾಡಿ ಜಡ್ಡಿಗಳಿಗೆ ಮರಳಿಸುವ ಕೆಲಸ ಮಾಡಿದ್ದಾರೆ. ಬೀಜ ಒಣಗಿಸಬಾರದು ಎಂಬುದು ನನಗೆ ಕೈಯಿಂದ ಗೊತ್ತಿತ್ತು, ಯಾಕೆ ಎಂಬುದು ಅಂಥವರ ಮಾತಿನಿಂದ ತಿಳಿಯಿತು. ಅವರಿಗೆ ತಾಯಿಮರ ತೋರಿಸಿದವರೂ ಊರಿನ ಜನರೇ. 1983ರ ಅಪ್ಪಿಕೋ ಚಳವಳಿಯಲ್ಲಿ ಸಾಲ್ಕಣಿ ಊರಿನವರು ಮರ ಅಪ್ಪಿಕೊಂಡು ನಿಂತ ಸೀಮೆ ಇದು. ಕಡಿಯುವುದನ್ನು ತಡೆಯುವುದು ನಮ್ಮ ಹಿರಿಯರಿಗೆ ಗೊತ್ತಿತ್ತು, ಬೆಳೆಸುವುದೂ ನಮಗೆ ಗೊತ್ತಾಗಿದೆ.

ಈ ಸಲ ಬೀಜ ಬೇಕಾದವರು ಮಳೆ ಹಿಡಿಯುವ ಮುಂಚೆಯೇ ಹೇಳಿ. ಬರುವಾಗ ಪ್ಲಾಸ್ಟಿಕ್ ಚೀಲ ತರಬೇಡಿ, ಬೀಜ ಬೆವರಿ ಕೊಳೆಯುತ್ತದೆ. ಬುಟ್ಟಿ, ಒದ್ದೆ ಗೋಣಿ ತನ್ನಿ. ಬಿತ್ತುವ ಜಾಗ ರೆಡಿ ಮಾಡಿಯೇ ಬನ್ನಿ, ಕೊಂಡುಹೋದ ಬೀಜ ಆ ರಾತ್ರಿಯೊಳಗೆ ಮಣ್ಣು ಸೇರಬೇಕು.