ಸಾರಾಂಶಕ್ಕಿಂತ ಮೊದಲು: ಕವಿತೆಯನ್ನು ಅರ್ಥೈಸಲು ಕಲಿಸುವ ಬಗೆ

‘ಈ ಪದ್ಯದ ಸಾರಾಂಶವೇನು?’ ಎಂಬ ಪ್ರಶ್ನೆಯಿಂದಲೇ ಪಾಠ ಆರಂಭವಾದರೆ ವಿದ್ಯಾರ್ಥಿಗಳು ಕವಿತೆಯನ್ನು ಬಿಟ್ಟು ಶಿಕ್ಷಕರ ಮುಖ ನೋಡತೊಡಗುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ಕೊನೆಯವರೆಗೂ ತಡೆಹಿಡಿಯಬೇಕು. ಮೊದಲು ಕವಿತೆಯನ್ನು ಎರಡು ಬಾರಿ ಗಟ್ಟಿಯಾಗಿ ಓದಿಸಿ. ಹಳಗನ್ನಡ ಪದ್ಯವಾದರೆ ಸಂಧಿಗಳನ್ನು ಬಿಡಿಸಿ, ಪದಗಳನ್ನು ಗದ್ಯದ ಕ್ರಮಕ್ಕೆ ತರುವ ಅನ್ವಯ ಮಾಡಿಕೊಳ್ಳದ ಹೊರತು ಮುಂದಕ್ಕೆ ಹೋಗುವಂತಿಲ್ಲ. ಛಂದಸ್ಸಿಗೂ ಸಾಲುಗಳ ಎರಡನೆಯ ಅಕ್ಷರ ಹೊಂದಬೇಕಾದ ಆದಿಪ್ರಾಸಕ್ಕೂ ಹೊಂದಿಕೊಂಡ ಪದಗಳು ಅಲ್ಲಿ ಗದ್ಯದ ಕ್ರಮದಲ್ಲಿ ಸಿಗುವುದಿಲ್ಲ.

ನಂತರ ವಾಚ್ಯಾರ್ಥ, ಅಂದರೆ ಪದಗಳ ನೇರ ಅರ್ಥ. ಯಾರು, ಎಲ್ಲಿ, ಯಾವಾಗ, ಏನಾಯಿತು ಎಂಬಷ್ಟನ್ನೇ ಕೇಳಬೇಕು. ಉದಾಹರಣೆಗೆಂದು ಕಟ್ಟಿದ ಈ ಸಾಲುಗಳನ್ನು ನೋಡಿ:

ಬಾಗಿಲು ತೆರೆದೇ ಇದೆ,
ದೀಪಕ್ಕೆ ಮತ್ತೊಮ್ಮೆ ಎಣ್ಣೆ ಎರೆದಾಯಿತು;
ದಾರಿಯ ಧೂಳಿನ ಮೇಲೆ
ಗಾಳಿಯ ಹೆಜ್ಜೆ ಮಾತ್ರ.

‘ಯಾರೋ ಯಾರಿಗಾಗಿಯೋ ಕಾಯುತ್ತಿದ್ದಾರೆ’ ಎಂದು ತರಗತಿಯಲ್ಲಿ ಯಾರಾದರೂ ಬೇಗನೆ ಹೇಳುತ್ತಾರೆ. ಉತ್ತರ ಸರಿಯಿದೆ, ಆದರೆ ಕಾಯುವುದೆಂಬ ಮಾತು ಕವಿತೆಯಲ್ಲಿ ಎಲ್ಲಿಯೂ ಇಲ್ಲ. ಹಾಗಾದರೆ ಅದು ಹೊಳೆದದ್ದು ಯಾವ ಪದದಿಂದ? ಅರ್ಥೈಸುವಿಕೆ ನಿಜವಾಗಿ ಆರಂಭವಾಗುವುದು ಈ ಪ್ರಶ್ನೆಯಿಂದ. ‘ತೆರೆದೇ ಇದೆ’ ಎಂಬುದನ್ನು ‘ತೆರೆದಿದೆ’ ಎಂದು ಬದಲಿಸಿ ಓದಿಸಿ. ಒಂದು ಏಕಾರ ಹೋದೊಡನೆ ಬಾಗಿಲು ಬರಿಯ ಬಾಗಿಲಾಗುತ್ತದೆ, ಅದನ್ನು ಮುಚ್ಚಲೊಲ್ಲದ ಮನಸ್ಸು ಮಾಯವಾಗುತ್ತದೆ. ‘ಮತ್ತೊಮ್ಮೆ’ ಎಂಬುದು ಕಳೆದುಹೋದ ಹೊತ್ತನ್ನು ಗಡಿಯಾರವಿಲ್ಲದೆ ತಿಳಿಸುತ್ತದೆ. ‘ಎರೆದಾಯಿತು’ ಎಂಬಲ್ಲಿ ಕರ್ತೃವೇ ಇಲ್ಲ. ಎರೆದವರು ತಮ್ಮನ್ನು ಮರೆಮಾಡಿಕೊಂಡಿದ್ದಾರೆ. ಹೀಗೆ ಪದವೊಂದನ್ನು ತೆಗೆದು ಅಥವಾ ಬದಲಿಸಿ ನೋಡುವ ಅಭ್ಯಾಸಕ್ಕಿಂತ ಒಳ್ಳೆಯ ಸಾಧನ ಬೇರೊಂದಿಲ್ಲವೆಂದೇ ಹೇಳಬೇಕು.

ಪದದಿಂದ ಅರ್ಥಕ್ಕೆ ಸಾಗುವ ಈ ದಾರಿಯನ್ನು ನಮ್ಮ ಅಲಂಕಾರಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ‘ಗಂಗೆಯಲ್ಲಿ ಹಳ್ಳಿ’ ಎಂಬ ಪ್ರಸಿದ್ಧ ನಿದರ್ಶನದಲ್ಲಿ ಹರಿಯುವ ನೀರಿನ ಮೇಲೆ ಹಳ್ಳಿಯಿರಲಾರದ್ದರಿಂದ ವಾಚ್ಯಾರ್ಥ ತಡೆಯುತ್ತದೆ, ‘ಗಂಗೆಯ ದಡದಲ್ಲಿ’ ಎಂಬ ಹೊಂದಿಕೆಯ ಅರ್ಥ, ಅಂದರೆ ಲಕ್ಷ್ಯಾರ್ಥ, ಒದಗುತ್ತದೆ, ಆ ಹಳ್ಳಿಯ ತಂಪು ಮತ್ತು ಪಾವಿತ್ರ್ಯಗಳು ಹೇಳದೆಯೇ ಸೂಚಿತವಾಗುವ ವ್ಯಂಗ್ಯಾರ್ಥವಾಗಿ ಹೊಳೆಯುತ್ತವೆ. 9ನೆಯ ಶತಮಾನದ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿಯೆಂದು, ಕಾವ್ಯದ ಆತ್ಮವೆಂದು ಕರೆದದ್ದು ಇಂಥ ಹೊಳಹನ್ನೇ. ಪ್ರೌಢಶಾಲೆಯ ಮಕ್ಕಳಿಗೂ ಈ ಮೂರು ಮೆಟ್ಟಿಲುಗಳು ಕಷ್ಟವಾಗುವುದಿಲ್ಲ.

ಅಲಂಕಾರದ ಹೆಸರು ಹೇಳಿದರೆ ಅರ್ಥ ಹೇಳಿದಂತಾಗುವುದಿಲ್ಲ. ‘ಗಾಳಿಯ ಹೆಜ್ಜೆ’ಯನ್ನು ರೂಪಕವೆಂದು ಗುರುತಿಸಿ ಅಂಕ ಗಳಿಸಬಹುದು, ಆದರೆ ಹೆಜ್ಜೆಯೆಂಬ ಪದ ಒಂದು ಕ್ಷಣ ಆಸೆ ಹುಟ್ಟಿಸಿ, ‘ಮಾತ್ರ’ ಎಂಬ ಪದ ಅದನ್ನು ಕಸಿದುಕೊಳ್ಳುವುದನ್ನು ಕಂಡವರು ಕವಿತೆಯನ್ನು ಓದಿದ್ದಾರೆ.

ಒಬ್ಬ ವಿದ್ಯಾರ್ಥಿ ‘ಬರಬೇಕಾದವರು ಸತ್ತಿದ್ದಾರೆ’ ಎಂದರೆ ತಳ್ಳಿಹಾಕಬೇಡಿ, ಆಧಾರ ಕೇಳಿ. ಹೆಜ್ಜೆಗುರುತಿಲ್ಲದ ದಾರಿ ಅವನ ಪರವಾಗಿದೆ, ಆದರೆ ಬಾರದಿರುವುದಷ್ಟನ್ನೇ ಅದು ಹೇಳುತ್ತದೆ. ಹಲವು ಅರ್ಥಗಳಿಗೆ ಎಡೆಯಿದೆಯೆಂದ ಮಾತ್ರಕ್ಕೆ ಯಾವ ಅರ್ಥವೂ ಸಲ್ಲುತ್ತದೆಂದಲ್ಲ.

ಬರೆಯಲು ಕೊಡುವಾಗ ಇಡೀ ಕವಿತೆಯನ್ನು ಕೊಡದೆ ಒಂದೇ ಪದವನ್ನು ಕೊಟ್ಟು, ಅದಿಲ್ಲದಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ಐದು ವಾಕ್ಯ ಬರೆಸಿ. ಸಾರಾಂಶದ ಪ್ರಶ್ನೆಯನ್ನು ಅದಾದ ಮೇಲೆ ಕೇಳಬಹುದು.