ಕಡಲಪಾಚಿಯ ಬಣ್ಣ ಅಳೆಯುವ ಮೊದಲು ಅದರ ಮೈ ಉಜ್ಜಿ

ಕಂದು ಕಡಲಪಾಚಿಯ ಒಂದು ತುಂಡನ್ನು ಕುದಿನೀರಿಗೆ ಅದ್ದಿ ನೋಡಿ, ಕ್ಷಣದಲ್ಲಿ ಹಸಿರಾಗುತ್ತದೆ. ಕ್ಲೋರೊಫಿಲ್ ಮೊದಲೂ ಅಲ್ಲೇ ಇತ್ತು. ಫ್ಯೂಕೊಕ್ಸಾಂಥಿನ್ ಎಂಬ ಕಿತ್ತಳೆ ವರ್ಣದ್ರವ್ಯ ಅದನ್ನು ಮರೆಮಾಡಿತ್ತು. ಹಲವು ಜಾತಿಗಳಲ್ಲಿ ಮಂದ ಬೆಳಕಿನ ಚಳಿಗಾಲದಲ್ಲಿ ಈ ದ್ರವ್ಯಗಳು ಏರುತ್ತವೆ. ಬೆಳಕು ತೀಕ್ಷ್ಣವಾಗಿ, ನೀರಿನಲ್ಲಿ ಸಾರಜನಕ ಕಡಿಮೆಯಾಗುವ ಬೇಸಿಗೆಯಲ್ಲಿ ಇಳಿಯುತ್ತವೆ. ಈ ಏರಿಳಿತವನ್ನು ತಿಂಗಳು ತಿಂಗಳೂ ಅಳೆಯಲು ಹೊರಡುವವರು ಬಹಳ. ತೊಳೆಯುವ ತಟ್ಟೆಯಲ್ಲೇ ಲೆಕ್ಕ ಕೆಡಿಸಿಕೊಳ್ಳುವವರೂ ಅಷ್ಟೇ.

ಹಂತ 1: ಸಂಗ್ರಹ. ಪ್ರತಿ ಸಲವೂ ಅದೇ ಆಳ, ಅದೇ ಹೊತ್ತು, ಪಾಚಿಯ ಅದೇ ಭಾಗ. ಕಪ್ಪು ಚೀಲದಲ್ಲಿ, ಮಂಜುಗಡ್ಡೆಯ ಮೇಲಿಟ್ಟು ತನ್ನಿ. ಹೊತ್ತಿನ ವಿಷಯದಲ್ಲಿ ರಿಯಾಯಿತಿ ಇಲ್ಲ: ಬಿಸಿಲೇರಿದಂತೆ ವಯೋಲಾಕ್ಸಾಂಥಿನ್ ಎಂಬ ವರ್ಣದ್ರವ್ಯ ಕೆಲವೇ ನಿಮಿಷಗಳಲ್ಲಿ ಝಿಯಾಕ್ಸಾಂಥಿನ್ ಎಂಬ ಇನ್ನೊಂದು ವರ್ಣದ್ರವ್ಯ ಆಗತೊಡಗುತ್ತದೆ, ನೆರಳು ಸಿಕ್ಕರೆ ಹಿಂದಿರುಗುತ್ತದೆ.

ಹಂತ 2: ಶುಚಿ. ಆಟ ಕೆಡುವುದು ಇಲ್ಲೇ. ಪಾಚಿಯ ಮೈಗೆ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ಅಂಟಿಕೊಂಡಿರುತ್ತವೆ. ಬೆರಳಾಡಿಸಿದರೆ ತೆಳುವಾದ ಕಂದು ಲೋಳೆ ಕೈಗೆ ಬರುತ್ತದೆ. ಅವುಗಳಲ್ಲಿರುವುದೂ ಅದೇ ಫ್ಯೂಕೊಕ್ಸಾಂಥಿನ್, ಅದೇ ಕ್ಲೋರೊಫಿಲ್-ಸಿ. ಹಸಿರು ಪಾಚಿ ಬೆರೆತಿದ್ದರೆ ಕ್ಲೋರೊಫಿಲ್-ಬಿ ಕಾಣಿಸಿಕೊಂಡು ಸಿಕ್ಕಿಬೀಳುತ್ತದೆ. ಡಯಾಟಮ್ ಬೆರೆತರೆ ಬಣ್ಣ ಅಳೆಯುವ ಯಂತ್ರ ಚಾಡಿ ಹೇಳುವುದಿಲ್ಲ. ಸೋಸಿದ ಸಮುದ್ರದ ನೀರಿನಲ್ಲಿ ಮೃದುವಾದ ಬ್ರಷ್‌ನಿಂದ ಎರಡೂ ಮಗ್ಗುಲು ಉಜ್ಜಿ, ನೀರು ಬದಲಿಸಿ, ಮತ್ತೆ ಉಜ್ಜಿ. ಕೊನೆಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಡಿ. ಗಾಜಿನಂಥ ಚಿಪ್ಪುಗಳು ಇನ್ನೂ ಕಾಣುತ್ತಿದ್ದರೆ ಬ್ರಷ್ ಕೆಳಗಿಡಬೇಡಿ. ನಲ್ಲಿನೀರಿನಲ್ಲಿ ನೆನೆಹಾಕಿ ಬಿಡುವುದು ಸೋಮಾರಿಗಳ ದಾರಿ. ಸಿಹಿನೀರು ಒಳಹೊಕ್ಕು ತೂಕವೂ ಕೆಡುತ್ತದೆ, ಜೀವಕೋಶಗಳೂ ಕೆಡುತ್ತವೆ.

ಹಂತ 3: ಒತ್ತಿ ಒರೆಸಿ, ಅಳತೆಯ ಬಿಲ್ಲೆಗಳಾಗಿ ಕತ್ತರಿಸಿ, ತೂಗಿ. ಬಿಸಿಲಿಗೆ ಒಣಗಿಸಿದ ಮಾದರಿಯನ್ನು ನಾನು ಮುಟ್ಟುವುದೂ ಇಲ್ಲ. ಅರ್ಧ ಬಣ್ಣ ಬಿಸಿಲೇ ತಿಂದಿರುತ್ತದೆ.

ಹಂತ 4: ಬಣ್ಣ ಇಳಿಸುವುದು. ಬರೀ ಅಸಿಟೋನ್ ಈ ದಪ್ಪ, ಲೋಳೆಯ ಅಂಗಾಂಶದೊಳಗೆ ಸುಲಭವಾಗಿ ಇಳಿಯದು. ಮೊದಲು ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ) ದ್ರಾವಣದಲ್ಲಿ ನೆನೆಸಿ, ಆ ದ್ರವವನ್ನು ಬೇರೆ ತೆಗೆದಿಡಿ. ನಂತರ ಅಸಿಟೋನ್ ಹಾಕಿ, ತುಂಡು ಬಿಳಿಚಿಕೊಳ್ಳುವವರೆಗೂ ಬಿಡಿ. ಎಲ್ಲವೂ ಮಂದ ಬೆಳಕಿನಲ್ಲಿ, ಕೈಗವಸು ಹಾಕಿಕೊಂಡೇ ಆಗಬೇಕು. ಡಿಎಂಎಸ್‌ಒ ಚರ್ಮದ ಮೂಲಕ ಒಳಹೋಗುತ್ತದೆ, ಅಸಿಟೋನ್ ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಬಳಸಿ ದುಡ್ಡು ಉಳಿಸುವ ಯೋಚನೆ ಬೇಡ, ಅದರಲ್ಲಿ ನೀರು, ಸುವಾಸನೆ, ಕೆಲವೊಮ್ಮೆ ಬಣ್ಣವೂ ಇರುತ್ತದೆ. ಅಗ್ಗದ ಪ್ಲಾಸ್ಟಿಕ್ ಕ್ಯೂವೆಟ್ಟೂ (ಯಂತ್ರದೊಳಗೆ ದ್ರವ ಇಡುವ ಪುಟ್ಟ ಪಾತ್ರೆ) ಬೇಡ. ಅಸಿಟೋನ್ ತಾಗಿದರೆ ಮಂಜಾಗಿ ಕರಗುತ್ತದೆ.

ಹಂತ 5: ಸ್ಪೆಕ್ಟ್ರೋಫೋಟೋಮೀಟರ್, ಅಂದರೆ ದ್ರವ ಯಾವ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವ ಯಂತ್ರ. ಮೊದಲು 750 ನ್ಯಾನೊಮೀಟರ್‌ನಲ್ಲಿ ನೋಡಿ. ಅಲ್ಲಿ ಸೊನ್ನೆಯ ಹತ್ತಿರ ಬರದಿದ್ದರೆ ದ್ರವ ಕಲಕಿದೆ, ಮತ್ತೆ ಸೋಸಿ. ಆಮೇಲೆ ಕ್ಲೋರೊಫಿಲ್-ಎಗೆ ಸುಮಾರು 664, ಸಿಗೆ 630, ಫ್ಯೂಕೊಕ್ಸಾಂಥಿನ್‌ಗೆ 480. ಈ ಅಳತೆಗಳಿಂದ ವರ್ಣದ್ರವ್ಯದ ಪ್ರಮಾಣ ಲೆಕ್ಕ ಹಾಕುವಾಗ ಒಂದು ದ್ರಾವಕದ ಸೂತ್ರವನ್ನು ಇನ್ನೊಂದಕ್ಕೆ ಹಾಕಬೇಡಿ.

ಫಲಿತಾಂಶವನ್ನು ತೂಕದ ಲೆಕ್ಕದಲ್ಲಷ್ಟೇ ಬರೆಯಬೇಡಿ, ಚದರ ಸೆಂಟಿಮೀಟರ್ ಲೆಕ್ಕದಲ್ಲೂ ಬರೆಯಿರಿ. ಬೇಸಿಗೆಯಲ್ಲಿ ಸಕ್ಕರೆಯಂಥ ದಾಸ್ತಾನು ವಸ್ತುಗಳಾದ ಲ್ಯಾಮಿನಾರಿನ್, ಮ್ಯಾನಿಟಾಲ್‌ಗಳನ್ನು ಕೂಡಿಟ್ಟು ಪಾಚಿ ಭಾರವಾಗಿರುತ್ತದೆ. ವರ್ಣದ್ರವ್ಯ ಕಡಿಮೆಯಾಗದಿದ್ದರೂ ಗ್ರಾಂ ಲೆಕ್ಕದಲ್ಲಿ ಕುಸಿದಂತೆ ಕಾಣುತ್ತದೆ.