ಸ್ಕ್ಯಾನ್ ಆದ ಬ್ಯಾಂಕ್ ಸ್ಟೇಟ್‌ಮೆಂಟ್: ಮೊದಲು ತಾಳೆ, ಆಮೇಲೆ ಹುಡುಕಾಟ

ವಿಚ್ಛೇದನ, ಜೀವನಾಂಶ, ಆಸ್ತಿ ಹಂಚಿಕೆಯ ಕೇಸುಗಳಲ್ಲಿ ವಕೀಲರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಓದಿ ಲೆಕ್ಕ ಬಿಡಿಸಿಕೊಡುವುದು ನನ್ನ ಕೆಲಸ. ಎದುರು ಕಡೆಯಿಂದ ಬರುವುದು ಹೆಚ್ಚಾಗಿ ಕಾಗದ ಸ್ಕ್ಯಾನ್ ಮಾಡಿದ ಪಿಡಿಎಫ್. ನಮ್ಮ ಕಣ್ಣಿಗೆ ಅಕ್ಷರ ಕಾಣುತ್ತದೆ, ಕಂಪ್ಯೂಟರಿಗೆ ಅದು ಬರೀ ಚಿತ್ರ. ಅದನ್ನು ಹುಡುಕಲು ಬರುವ ಪಟ್ಟಿಯಾಗಿ ಮಾಡುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಆದರೆ ಲೆಕ್ಕ ತಾಳೆಯಾಗದ ಪಟ್ಟಿಯಲ್ಲಿ ದಯವಿಟ್ಟು ಹುಡುಕಬೇಡಿ. ಒಂದು ಹೆಸರು ಟೈಪ್ ಮಾಡಿದಿರಿ, ಏನೂ ಸಿಗಲಿಲ್ಲ. ಆ ಹೆಸರಿಗೆ ದುಡ್ಡು ಹೋಗೇ ಇಲ್ವಾ, ಇಲ್ಲಾ ಆ ಸಾಲನ್ನು ಯಂತ್ರ ಓದೇ ಇಲ್ವಾ? ಒಬ್ಬರ ಮುಂದಿನ ಬದುಕಿನ ಖರ್ಚು ಈ ಉತ್ತರದ ಮೇಲೆ ನಿಂತಿರಬಹುದು.

ಶುರು ಮಾಡುವ ಮುಂಚೆ ಪಿಡಿಎಫ್ ತೆರೆದು ಒಂದು ಸಾಲಿನ ಮೇಲೆ ಮೌಸ್ ಎಳೆದು ನೋಡಿ. ಅಕ್ಷರ ಸೆಲೆಕ್ಟ್ ಆದರೆ ಅದು ಸ್ಕ್ಯಾನ್ ಅಲ್ಲದಿರಬಹುದು. ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ, ಅಂಕಿ ಸರಿಯಾಗಿ ಬಂತಾ ನೋಡಿ. ಬಂದರೆ ಟ್ಯಾಬುಲಾದಂಥ ಉಚಿತ ಸಾಧನದಿಂದ ಟೇಬಲನ್ನು ನೇರವಾಗಿ ತೆಗೆಯಬಹುದು. ಖಾತೆ ನಿಮ್ಮದೇ ಆಗಿದ್ದರೆ ಇಷ್ಟೂ ಬೇಡ. ಬ್ಯಾಂಕಿನಿಂದ ಸಿಎಸ್‌ವಿ (ಸಾಲು-ಕಾಲಂಗಳಾಗಿ ನೇರವಾಗಿ ತೆರೆಯುವ ಸಾದಾ ಫೈಲ್) ಅಥವಾ ಎಕ್ಸೆಲ್ ಫೈಲ್ ಸಿಗುತ್ತದಾ ಅಂತ ಮೊದಲು ಕೇಳಿ.

ಮೂಲ ಫೈಲನ್ನು ಮುಟ್ಟಬೇಡಿ. ಪ್ರತಿ ಮಾಡಿಕೊಂಡು ಅದರಲ್ಲೇ ಕೆಲಸ ಮಾಡಿ. ಮೂಲದ ಶಾ-256 ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು, ತೆಗೆದು ಬರೆದಿಡಿ; ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಅದು ಬೇರೆಯಾಗುತ್ತದೆ. ಇನ್ನು, ಆನ್‌ಲೈನಿನಲ್ಲಿ ಪುಕ್ಕಟೆ ಪರಿವರ್ತನೆ ಮಾಡಿಕೊಡುವ ಜಾಲತಾಣಗಳಿಗೆ ಯಾರದೋ ಖಾತೆ ನಂಬರು, ಆಸ್ಪತ್ರೆ ಬಿಲ್ಲು, ಸಂಬಳವನ್ನೆಲ್ಲ ಸುಮ್ನೆ ಅಪ್‌ಲೋಡ್ ಮಾಡುವುದು ತಪ್ಪು. ಚಿತ್ರದಲ್ಲಿರುವ ಅಕ್ಷರವನ್ನು ಓದಿ ಹುಡುಕಲು ಬರುವ ಪಠ್ಯವಾಗಿಸಲು ನಾನು ಒಸಿಆರ್‌ಮೈಪಿಡಿಎಫ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಅದು ನನ್ನ ಕಂಪ್ಯೂಟರಿನಲ್ಲೇ ಓಡುತ್ತದೆ, ಓದುವ ಕೆಲಸ ಅದು ಬಳಸುವ ಟೆಸ್ಸರಾಕ್ಟ್ ಅನ್ನುವ ಅಕ್ಷರ ಗುರುತಿಸುವ ಸಾಫ್ಟ್‌ವೇರಿನದು. ಸೊಟ್ಟಗಿರುವ ಪುಟ ನೆಟ್ಟಗೆ ಮಾಡುವ ಆಯ್ಕೆಯೂ ಇದೆ. ಕಾಗದ ನಿಮ್ಮ ಕೈಯಲ್ಲೇ ಇದ್ದರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ, ಮೊಬೈಲ್ ಫೋಟೋ ಬೇಡ.

ಆಮೇಲೆ ಯಂತ್ರ ಓದಿದ ಸಾಲುಗಳನ್ನು ಸ್ಪ್ರೆಡ್‌ಶೀಟಿಗೆ ತನ್ನಿ. ಇರಬೇಕಾದ ಕಾಲಂಗಳು: ತಾರೀಖು, ವಿವರ, ಡೆಬಿಟ್, ಕ್ರೆಡಿಟ್, ಬ್ಯಾಲೆನ್ಸ್, ಖಾತೆಯ ಕೊನೆಯ ನಾಲ್ಕು ಅಂಕಿ, ಫೈಲಿನ ಹೆಸರು, ಪುಟ ಸಂಖ್ಯೆ. ಕೊನೆಯ ಎರಡನ್ನು ಬರೆಯದಿದ್ದರೆ ಉಳಿದ ಶ್ರಮ ದಂಡ. ತಾರೀಖೇ ಇಲ್ಲದ ಸಾಲು ಕಂಡರೆ ಅದು ಸಾಮಾನ್ಯವಾಗಿ ಮೇಲಿನ ವಿವರದ ಮುಂದುವರಿಕೆ, ಅದಕ್ಕೇ ಸೇರಿಸಿ. ಚೆಕ್ ನಂಬರ್, ಖಾತೆ ನಂಬರ್ ಕಾಲಂಗಳನ್ನು ಪೇಸ್ಟ್ ಮಾಡುವ ಮೊದಲೇ ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಮಾಡಿ. ಇಲ್ಲದಿದ್ದರೆ ಎಕ್ಸೆಲ್ ನಂಬರಿನ ಆರಂಭದ ಸೊನ್ನೆಗಳನ್ನು ನುಂಗುತ್ತದೆ, 15 ಅಂಕಿ ದಾಟಿದ ನಂಬರಿನ ಬಾಲವನ್ನು ಸೊನ್ನೆ ಮಾಡುತ್ತದೆ. 03/04 ಅಂದರೆ ಮಾರ್ಚೋ ಏಪ್ರಿಲ್ಲೋ ಅನ್ನುವುದನ್ನು ಅದೇ ಸ್ಟೇಟ್‌ಮೆಂಟಿನಲ್ಲಿ 12 ದಾಟಿದ ದಿನ ಎಲ್ಲಿ ಕೂತಿದೆ ಅಂತ ನೋಡಿ ತೀರ್ಮಾನಿಸಿ.

ಈಗ ತಾಳೆ. ಪಕ್ಕದಲ್ಲಿ ಒಂದು ಕಾಲಂ ಮಾಡಿ: ಹಿಂದಿನ ಸಾಲಿನ ಬ್ಯಾಲೆನ್ಸಿಗೆ ಕ್ರೆಡಿಟ್ ಕೂಡಿಸಿ, ಡೆಬಿಟ್ ಕಳೆದು, ಈ ಸಾಲಿನ ಬ್ಯಾಲೆನ್ಸನ್ನೂ ಕಳೆಯಿರಿ. ರೌಂಡ್ ಫಂಕ್ಷನ್ನಿಂದ ಎರಡು ದಶಾಂಶಕ್ಕೆ ನಿಲ್ಲಿಸಿ. ಎಲ್ಲ ಕಡೆ ಸೊನ್ನೆ ಬರಬೇಕು. ಬಾರದ ಕಡೆ, ಎಷ್ಟು ವ್ಯತ್ಯಾಸ ಬಂತು ಅನ್ನುವುದೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಕಾಗದದಲ್ಲಿ ಹಿಂದಿನ ಬ್ಯಾಲೆನ್ಸ್ 48,250, ಡೆಬಿಟ್ 3,500, ಹೊಸ ಬ್ಯಾಲೆನ್ಸ್ 44,750 ಅಂತಿಟ್ಟುಕೊಳ್ಳಿ. ವ್ಯತ್ಯಾಸ 5,000 ಬಂದರೆ ಸಾವಿರದ ಸ್ಥಾನದ 3 ಅನ್ನು ಯಂತ್ರ 8 ಅಂತ ಓದಿರಬೇಕು. 7,000 ಬಂದರೆ, ಅಂದರೆ ಮೊತ್ತದ ಸರಿಯಾಗಿ ಎರಡರಷ್ಟು, ಡೆಬಿಟ್ ಜರುಗಿ ಕ್ರೆಡಿಟ್ ಕಾಲಂಗೆ ಬಿದ್ದಿದೆ. ಮೊತ್ತದ 99 ಪಟ್ಟು ಬಂದರೆ ದಶಾಂಶದ ಚುಕ್ಕಿ ಮಾಯವಾಗಿದೆ. ಒಂದು ಸಾಲಿನಲ್ಲಿ 30,000 ವ್ಯತ್ಯಾಸ ಬಂದು, ಮುಂದಿನ ಸಾಲಿನಲ್ಲೇ ಅಷ್ಟೇ ಮೊತ್ತ ತಿರುಗುಮುರುಗಾಗಿ ಬಂದರೆ, ತಪ್ಪಿರುವುದು ಬ್ಯಾಲೆನ್ಸಿನಲ್ಲಿ. 44,750 ಹೋಗಿ 14,750 ಆಗಿದೆ. ಕೈಯಲ್ಲಿ ಟೈಪ್ ಮಾಡಿದ ಕಡೆ ವ್ಯತ್ಯಾಸ 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಇವ್ಯಾವುದೂ ಅಲ್ಲ ಅಂದ್ರೆ ಪುಟದ ಚಿತ್ರ ತೆರೆಯಿರಿ. ಸೀಲಿನ ಕೆಳಗೋ ಪಂಚ್ ಮಾಡಿದ ತೂತಿನ ಪಕ್ಕವೋ ಒಂದು ಸಾಲು ಬಿಟ್ಟುಹೋಗಿರುತ್ತದೆ, ಅದರ ಮೊತ್ತ ನಿಮ್ಮ ವ್ಯತ್ಯಾಸಕ್ಕೆ ಸಮ ಇರುತ್ತದೆ.

ಲೆಕ್ಕ ಕೂಡುವ ಹಾಗೆ ನೀವೇ ಅಂಕಿ ತಿದ್ದಬೇಡಿ. ಚಿತ್ರದಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ, ತಿದ್ದಿದ ಸಾಲಿಗೆ ಗುರುತು ಹಾಕಿ.

ಒಂದು ತಿಂಗಳ ಕೊನೆಯ ಬ್ಯಾಲೆನ್ಸು ಮುಂದಿನ ತಿಂಗಳ ಮೊದಲ ಬ್ಯಾಲೆನ್ಸಿಗೆ ಸಮ ಇರಬೇಕು. ಇಲ್ಲದಿದ್ದರೆ ನಡುವೆ ಪುಟ ಕೊಟ್ಟಿಲ್ಲ. ಯಾವ ಖಾತೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಬರೆದು ವಕೀಲರಿಗೆ ಕೊಡಿ. ಅವರು ಕೇಳಬೇಕಾದ ದಾಖಲೆ ಅದು.

ಈ ತಾಳೆ ಅಂಕಿಗಳನ್ನು ಕಾಯುತ್ತದೆಯೇ ಹೊರತು ಹೆಸರುಗಳನ್ನಲ್ಲ. ಯಂತ್ರ ಹೆಸರನ್ನು ಕೆಡಿಸಿರಬಹುದು, ಬ್ಯಾಂಕೇ ಅರ್ಧಕ್ಕೆ ಕತ್ತರಿಸಿರಬಹುದು. ಹಾಗಾಗಿ ಪೂರ್ತಿ ಹೆಸರಿನ ಬದಲು ಮೂರು ನಾಲ್ಕು ಅಕ್ಷರದ ತುಂಡು ಕೊಟ್ಟು ಹುಡುಕಿ. ದೊಡ್ಡ ಮೊತ್ತದ ಸಾಲುಗಳ ವಿವರವನ್ನು ಕಣ್ಣಲ್ಲೇ ಓದಿ. ಆಮೇಲೆ ಎಲ್ಲ ಖಾತೆಗಳನ್ನೂ ಒಂದೇ ಹಾಳೆಗೆ ತಂದು ಮೊತ್ತದ ಪ್ರಕಾರ ಜೋಡಿಸಿ. ಒಂದು ಖಾತೆಯಿಂದ ಹೋದದ್ದು ಒಂದೆರಡು ದಿನದಲ್ಲಿ ಇನ್ನೊಂದಕ್ಕೆ ಬಂದಿದ್ದರೆ ಅದು ಬರೀ ವರ್ಗಾವಣೆ. ಅದನ್ನು ಆದಾಯ ಅಂತಲೋ ಖರ್ಚು ಅಂತಲೋ ಎಣಿಸಿದರೆ ಎದುರು ಕಡೆಯವರಿಗೆ ಅನ್ಯಾಯ ಮಾಡಿದ ಹಾಗೆ. ಜೋಡಿ ಸಿಗದ ವರ್ಗಾವಣೆಗಳನ್ನು ಬೇರೆ ಹಾಳೆಗೆ ಎತ್ತಿಡಿ. ವಿವರದಲ್ಲಿ ಖಾತೆ ನಂಬರಿನ ತುಣುಕು ಇದ್ದು, ಆ ಖಾತೆಯ ಸ್ಟೇಟ್‌ಮೆಂಟೇ ನಿಮ್ಮ ಕೈಗೆ ಬಂದಿಲ್ಲ ಅಂದ್ರೆ ಅಲ್ಲಿಗೆ ಗಮನ ಕೊಡಿ. ಅದು ಮುಚ್ಚಿಟ್ಟ ಖಾತೆಯೂ ಇರಬಹುದು, ತಾಯಿಯ ಔಷಧಿಗೆ ಕಳಿಸಿದ ದುಡ್ಡೂ ಇರಬಹುದು. ಪಟ್ಟಿಯಲ್ಲಿ ತಾರೀಖು, ಮೊತ್ತ, ಪುಟ ಸಂಖ್ಯೆ ಇಷ್ಟೇ ಬರೆಯಿರಿ, ಊಹೆ ಬರೆಯಬೇಡಿ. ಪ್ರತಿ ಸಾಲಿಗೂ ಆಯಾ ಪುಟದ ಪ್ರತಿಯನ್ನು ಲಗತ್ತಿಸಿ ವಕೀಲರಿಗೆ ಕೊಡಿ.